ಒಂದರೊಳಗೊಂದು ಯುಆರ್‌ಎಲ್: ಎಷ್ಟು ಆಳ, ಯಾವ ಕಂಟ್ರೋಲರ್‌ಗೆ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ

ನಮಸ್ಕಾರ. ಶಾಲೆಗಳ ಹಾಜರಾತಿಗೆಂದು ರೈಲ್ಸ್‌ನಲ್ಲಿ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಒಂದು ಅಪ್ಲಿಕೇಶನ್ ಕಟ್ಟುತ್ತಿದ್ದೇವೆ. ಶಾಲೆಯಲ್ಲಿ ತರಗತಿ, ತರಗತಿಯಲ್ಲಿ ವಿದ್ಯಾರ್ಥಿ, ವಿದ್ಯಾರ್ಥಿಗೆ ಹಾಜರಿ. ಡೇಟಾಬೇಸ್ ಹೇಗಿದೆಯೋ ರೂಟ್ಸ್ ಫೈಲಿನಲ್ಲೂ (ಯಾವ ವಿಳಾಸ ಯಾವ ಕೋಡ್‌ಗೆ ಹೋಗಬೇಕೆಂದು ಹೇಳುವ ಫೈಲ್) ಹಾಗೇ ಬರೆದೆವು. ಈಗ ವಿಳಾಸ /ಶಾಲೆ/12/ತರಗತಿ/3/ವಿದ್ಯಾರ್ಥಿ/87/ಹಾಜರಿ/4051 ಅಂತ ಬರುತ್ತಿದೆ, ಒಂದು ಲಿಂಕ್ ಹಾಕಲು ನಾಲ್ಕು ಆಬ್ಜೆಕ್ಟ್ ಕೊಡಬೇಕು. ಇನ್ನೊಂದು ತಲೆನೋವು: ವಿದ್ಯಾರ್ಥಿಗಳ ಪಟ್ಟಿ ಶಾಲೆಯ ಕೆಳಗೂ ಬೇಕು, ತರಗತಿಯ ಕೆಳಗೂ ಬೇಕು. ಎರಡೂ ಒಂದೇ ಕಂಟ್ರೋಲರ್‌ಗೆ (ವಿನಂತಿಗೆ ಉತ್ತರಿಸುವ ಕೋಡ್) ಬರುವುದರಿಂದ ಪಟ್ಟಿ ತೋರಿಸುವ ಇಂಡೆಕ್ಸ್ ಆಕ್ಷನ್ ತುಂಬಾ ಇಫ್-ಎಲ್ಸ್ ಆಗಿದೆ. ನೀವೆಲ್ಲ ಇದನ್ನು ಹೇಗೆ ನಿಭಾಯಿಸಿದ್ದೀರಿ?

ಉತ್ತರ 1

ಒಂದು ಹಂತಕ್ಕಿಂತ ಆಳ ಬೇಡ ಎಂದು ರೈಲ್ಸ್‌ನ ಗೈಡೇ ಹೇಳುತ್ತದೆ. ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 4051ನೇ ಹಾಜರಿಯನ್ನು ಹುಡುಕಲು 4051 ಒಂದೇ ಸಾಕು, ಅದರ ಹಿಂದಿನ ಮೂರು ಐಡಿಗಳಿಂದ ಹೊಸದೇನೂ ತಿಳಿಯುವುದಿಲ್ಲ. ಲಿಂಕ್ ಉದ್ದವಾಗುವುದು ಸಣ್ಣ ತೊಂದರೆ. ನಿಜವಾದ ತೊಂದರೆ ಹೊಸ ಶೈಕ್ಷಣಿಕ ವರ್ಷ ಶುರುವಾದಾಗ ಗೊತ್ತಾಗುತ್ತದೆ. ಆರನೇ ತರಗತಿಯ ಮಗು ಏಳಕ್ಕೆ ಹೋಯಿತು ಎಂದರೆ ಆ ಮಗುವಿನ ಪುಟದ ವಿಳಾಸವೇ ಬದಲಾಯಿತು. ಮುಖ್ಯೋಪಾಧ್ಯಾಯರು ಬುಕ್‌ಮಾರ್ಕ್ ಮಾಡಿಟ್ಟದ್ದು, ಪೋಷಕರಿಗೆ ಎಸ್ಸೆಮ್ಮೆಸ್‌ನಲ್ಲಿ ಹೋದ ಲಿಂಕ್, ಎಲ್ಲ ಕೆಟ್ಟವು. ಬದಲಾಗುವ ಸಂಬಂಧವನ್ನು ವಿಳಾಸದಲ್ಲಿ ಬರೆಯಲೇಬಾರದು.

ರೂಟ್‌ನಲ್ಲಿ ಶ್ಯಾಲೋ ಎಂಬ ಆಯ್ಕೆಯನ್ನು ಟ್ರೂ ಮಾಡಿ. ಆಗ ಇಂಡೆಕ್ಸ್, ನ್ಯೂ, ಕ್ರಿಯೇಟ್ (ಪಟ್ಟಿ, ಹೊಸದರ ಫಾರ್ಮ್, ಸೇರಿಸುವುದು) ಮೂರು ಮಾತ್ರ /ತರಗತಿ/3/ವಿದ್ಯಾರ್ಥಿ ಎಂಬಲ್ಲಿ ಉಳಿಯುತ್ತವೆ, ಏಕೆಂದರೆ ಯಾವ ತರಗತಿಯ ಪಟ್ಟಿ, ಯಾವ ತರಗತಿಗೆ ಸೇರಿಸಬೇಕು ಎಂಬುದು ಅಲ್ಲಿ ಗೊತ್ತಿರಬೇಕು. ಶೋ, ಎಡಿಟ್, ಅಪ್‌ಡೇಟ್, ಡಿಸ್ಟ್ರಾಯ್ ನಾಲ್ಕೂ ನೇರವಾಗಿ /ವಿದ್ಯಾರ್ಥಿ/87 ಆಗುತ್ತವೆ.

ಇಫ್-ಎಲ್ಸ್‌ಗೆ ಮದ್ದು ಎರಡು ಕಂಟ್ರೋಲರ್. ಶಾಲೆಯ ಕೆಳಗಿನ ವಿದ್ಯಾರ್ಥಿ ರೂಟ್‌ಗೆ ಮಾಡ್ಯೂಲ್ ಎಂಬ ಆಯ್ಕೆಯಲ್ಲಿ ಸ್ಕೂಲ್ಸ್ ಅಂತ ಕೊಡಿ. ಆ ವಿನಂತಿ ಕಂಟ್ರೋಲರ್ಸ್ ಫೋಲ್ಡರಿನಲ್ಲಿ ಸ್ಕೂಲ್ಸ್ ಒಳಗಿರುವ ಸ್ಟೂಡೆಂಟ್ಸ್ ಕಂಟ್ರೋಲರ್‌ಗೆ ಹೋಗುತ್ತದೆ. ತರಗತಿಗೂ ಹಾಗೇ ಒಂದು. ಪ್ರತಿಯೊಂದರಲ್ಲೂ ಇಂಡೆಕ್ಸ್ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ, ಪಟ್ಟಿ ತೋರಿಸುವ ಪಾರ್ಶಿಯಲ್ (ಪುಟದ ಮರುಬಳಕೆಯ ತುಣುಕು) ಎರಡಕ್ಕೂ ಒಂದೇ ಇರಲಿ. ಇಲ್ಲಿ ನೇಮ್‌ಸ್ಪೇಸ್ ಹಾಕಬೇಡಿ: ಅದು ವಿಳಾಸವನ್ನೂ ಲಿಂಕ್ ಬರೆಯಲು ಬಳಸುವ ಹೆಲ್ಪರ್‌ನ ಹೆಸರನ್ನೂ ಬದಲಿಸುತ್ತದೆ. ಮಾಡ್ಯೂಲ್ ಬದಲಿಸುವುದು ಕಂಟ್ರೋಲರ್ ಅನ್ನು ಮಾತ್ರ. ಬದಲಾವಣೆ ಆದಮೇಲೆ ಟರ್ಮಿನಲ್‌ನಲ್ಲಿ ರೈಲ್ಸ್ ರೂಟ್ಸ್ ಆದೇಶ ಓಡಿಸಿ, ಯಾವ ವಿಳಾಸ ಯಾವ ಆಕ್ಷನ್‌ಗೆ ಹೋಗುತ್ತಿದೆ ಎಂದು ಸಾಲು ಸಾಲಾಗಿ ನೋಡಿ.

ಉತ್ತರ 2

ಮೇಲಿನದೆಲ್ಲ ಸರಿ. ಆದರೆ ವಿಳಾಸದಲ್ಲಿ ಶಾಲೆಯ ಐಡಿ ಇದ್ದ ಮಾತ್ರಕ್ಕೆ ಆ ಮಗು ಆ ಶಾಲೆಯದೇ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ವಿಳಾಸದಲ್ಲಿನ ಕೊನೆಯ ನಂಬರ್ ಬದಲಿಸಿದರೆ ಬೇರೆ ಶಾಲೆಯ ಮಕ್ಕಳ ವಿವರ, ಪೋಷಕರ ಫೋನ್ ನಂಬರ್ ಸಮೇತ ತೆರೆದುಕೊಳ್ಳುತ್ತಿತ್ತು. ಕೋಡ್‌ನಲ್ಲಿ ಇದ್ದದ್ದು ಸ್ಟೂಡೆಂಟ್ ಮಾಡೆಲ್ ಮೇಲೆ ನೇರ ಫೈಂಡ್, ಅಂದರೆ ಎಲ್ಲ ಶಾಲೆಗಳ ಮಕ್ಕಳಲ್ಲೂ ಆ ಐಡಿ ಹುಡುಕುವುದು. ವೆಬ್ ಸುರಕ್ಷತೆಯ ಅಪಾಯಗಳ 2021ರ ಓವಾಸ್ಪ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವುದು ಇಂಥ ಪ್ರವೇಶ ನಿಯಂತ್ರಣದ ಲೋಪವೇ. ಮಕ್ಕಳ ಮಾಹಿತಿ ಇಟ್ಟುಕೊಂಡವರು ಇದನ್ನು ಆಮೇಲೆ ನೋಡೋಣ ಅನ್ನಬಾರದು.

ಹಾಗಾಗಿ ಮೊದಲು ಲಾಗಿನ್ ಆದವರಿಗೆ ಸೇರಿದ ಶಾಲೆಯನ್ನು ತೆಗೆದುಕೊಳ್ಳಿ, ಆ ಶಾಲೆಯ ವಿದ್ಯಾರ್ಥಿಗಳಲ್ಲಿ 87 ಹುಡುಕಿ. ಸಿಗದಿದ್ದರೆ ತಾನಾಗಿ 404 (ಪುಟ ಸಿಗಲಿಲ್ಲ ಎಂಬ ಉತ್ತರ) ಬರುತ್ತದೆ. ಶ್ಯಾಲೋ ಮಾಡಿ /ವಿದ್ಯಾರ್ಥಿ/87 ಅಂತ ಇಟ್ಟರೆ ಇದು ಇನ್ನೂ ಮುಖ್ಯ. ಲಾರವೆಲ್ (ಪಿಎಚ್‌ಪಿಯ ಫ್ರೇಮ್‌ವರ್ಕ್) ಬಳಸುವವರೂ ಗಮನಿಸಿ: ರೂಟ್‌ನಲ್ಲಿ ಎರಡು ಮಾಡೆಲ್ ಬೈಂಡ್ (ವಿಳಾಸದ ಐಡಿಯಿಂದ ದಾಖಲೆ ತಾನಾಗಿ ಬರುವಂತೆ) ಮಾಡಿ ಸುಮ್ಮನೆ ಐಡಿ ಬಳಸಿದರೆ, ಎರಡನೆಯದು ಮೊದಲನೆಯದಕ್ಕೆ ಸೇರಿದ್ದೇ ಎಂದು ಅದು ನೋಡುವುದಿಲ್ಲ. ಸ್ಕೋಪ್‌ಬೈಂಡಿಂಗ್ಸ್ ಎಂದು ನೀವೇ ಹೇಳಬೇಕು.

ಉತ್ತರ 3

ಎಕ್ಸ್‌ಪ್ರೆಸ್‌ನಲ್ಲಿ (ನೋಡ್ ಜೆಎಸ್‌ನ ಫ್ರೇಮ್‌ವರ್ಕ್) ಮಾಡುವವರಿಗೆ ಒಂದೇ ಮಾತು: ಒಳಗಿನ ರೂಟರ್‌ಗೆ ಮರ್ಜ್‌ಪ್ಯಾರಾಮ್ಸ್ ಟ್ರೂ ಕೊಡದಿದ್ದರೆ ಹೊರಗಿನ ಶಾಲೆಯ ಐಡಿ ಅಲ್ಲಿ ಅನ್‌ಡಿಫೈನ್ಡ್ ಆಗಿರುತ್ತದೆ. ಎರರ್ ಕೂಡ ಬರುವುದಿಲ್ಲ, ಕ್ವೆರಿ ತಪ್ಪು ಉತ್ತರ ಕೊಡುತ್ತದೆ ಅಷ್ಟೇ.

ಉತ್ತರ 4

ಎಲ್ಲವನ್ನೂ ಚಪ್ಪಟೆ ಮಾಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮೇಲಿನದಿಲ್ಲದೆ ಒಳಗಿನದನ್ನು ಗುರುತಿಸಲು ಆಗದಿದ್ದರೆ ನೆಸ್ಟಿಂಗ್ (ಒಂದರೊಳಗೊಂದು ವಿಳಾಸ) ಇರಲೇಬೇಕು. ಗಿಟ್‌ಹಬ್‌ನಲ್ಲಿ 5ನೇ ಇಶ್ಯೂ (ದೂರಿನ ಪುಟ) ಪ್ರತಿ ರೆಪೊಗೂ (ಕೋಡ್ ಇಡುವ ಪ್ರಾಜೆಕ್ಟ್) ಬೇರೆ ಬೇರೆ, ಅದಕ್ಕೇ ವಿಳಾಸದಲ್ಲಿ ರೆಪೊ ಹೆಸರು ಬರುತ್ತದೆ.

ನಿಮ್ಮ ಹಾಜರಿಯೂ ಹಾಗೇ. ಟೀಚರ್ ಬೆಳಿಗ್ಗೆ ಒಂದೊಂದು ಮಗುವಿನ ಪುಟ ತೆರೆದು ಹಾಜರಿ ಹಾಕುತ್ತಾರೆಯೇ? ಇಲ್ಲ, ಇಡೀ ತರಗತಿಯದು ಒಂದೇ ಸಲ ಕೂಗುತ್ತಾರೆ. ಅಂದಮೇಲೆ ಬೇಕಾದ ವಿಳಾಸ /ತರಗತಿ/3/ಹಾಜರಿ/2025-07-15. ರೈಲ್ಸ್‌ನಲ್ಲಿ ಪ್ಯಾರಾಮ್ ಆಯ್ಕೆಗೆ ಡೇಟ್ ಅಂತ ಕೊಟ್ಟರೆ ಐಡಿ ಜಾಗದಲ್ಲಿ ದಿನಾಂಕ ಬರುತ್ತದೆ, ದಿನಾಂಕದ ಮಾದರಿಗೆ ಒಂದು ಕನ್‌ಸ್ಟ್ರೇಂಟ್ (ನಿರ್ಬಂಧ) ಹಾಕಿಬಿಡಿ. ಈ ಒಂದಕ್ಕೆ ಶ್ಯಾಲೋ ಬೇಡ. 4051 ಎಂಬ ಐಡಿ ಡೇಟಾಬೇಸ್‌ನಲ್ಲೇ ಇರಲಿ, ವಿಳಾಸದಲ್ಲಿ ಅದಕ್ಕೆ ಕೆಲಸವಿಲ್ಲ.

ಕೇಳಿದವರಿಂದ

ತುಂಬಾ ಧನ್ಯವಾದ ಎಲ್ಲರಿಗೂ. ದಿನಾಂಕದ ವಿಷಯ ನಮಗೆ ಹೊಳೆದೇ ಇರಲಿಲ್ಲ, ಅದನ್ನೇ ಮಾಡುತ್ತೇವೆ. ಆದರೆ ಹಳೆಯ ಉದ್ದದ ಲಿಂಕ್‌ಗಳು ಈಗಾಗಲೇ ಟೀಚರ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿವೆ. ಅವಕ್ಕೇನು ಮಾಡಲಿ?

ಉತ್ತರ 1, ಮತ್ತೆ

ರೂಟ್ಸ್ ಫೈಲಿನಲ್ಲೇ ರಿಡೈರೆಕ್ಟ್ ಬರೆಯಿರಿ, ಕಂಟ್ರೋಲರ್ ಬೇಡ. ಹಳೆಯ ವಿಳಾಸದ ಕೊನೆಯ ಐಡಿಯನ್ನು ಹಿಡಿದು /ವಿದ್ಯಾರ್ಥಿ/87 ಕಡೆ ಕಳಿಸಿದರೆ ಆಯಿತು. ರೈಲ್ಸ್ ತಾನಾಗಿ 301 (ಶಾಶ್ವತ ರಿಡೈರೆಕ್ಟ್) ಕೊಡುತ್ತದೆ, ಅದನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ, ತಪ್ಪು ಕಡೆ ಕಳಿಸಿದ್ದರೆ ತಿದ್ದುವುದು ಕಷ್ಟ. ಮೊದಲು ಸ್ಟೇಟಸ್ 302 (ತಾತ್ಕಾಲಿಕ) ಇಟ್ಟು ಪರೀಕ್ಷೆ ಮಾಡಿ, ಎಲ್ಲ ಸರಿ ಅನಿಸಿದ ಮೇಲೆ 301 ಮಾಡಿ. ಹಾಜರಿಯ ಹಳೆಯ ಲಿಂಕ್‌ಗಳಿಗೆ ಮಾತ್ರ ಒಂದು ಸಣ್ಣ ಆಕ್ಷನ್ ಬೇಕಾಗುತ್ತದೆ, ಏಕೆಂದರೆ 4051 ಯಾವ ದಿನದ್ದು ಎಂದು ಡೇಟಾಬೇಸ್ ಕೇಳಿಯೇ ತಿಳಿಯಬೇಕು. ಅಲ್ಲೂ ಲಾಗಿನ್ ಆದವರ ಶಾಲೆಯೊಳಗೇ ಹುಡುಕಿ.