ಅಪ್‌ಡೇಟ್: ಮಳೆಗೆ ಕುಸಿಯುವ ತೋಟದ ರಸ್ತೆ, ಕೊನೆಗೆ ಏನಾಯ್ತು

ಮೂಡಿಗೆರೆ ಕಡೆ ನಮ್ಮ ತೋಟದ ರಸ್ತೆ ಒಂದು ತಿರುವಿನಲ್ಲಿ ಪ್ರತಿ ಮಳೆಗಾಲ ಕುಸಿಯುತ್ತದೆ, ಮಳೆ ಮುಗಿಯುವ ತನಕ ಜೀಪು ಓಡುವ ಹಾಗೆ ಏನು ಮಾಡಬಹುದು ಅಂತ ಕೇಳಿದ್ದೆ. ಈಗ ಓಡಾಡುತ್ತಿದೆ.

ಕೆಲಸಕ್ಕೆ ಬಂದಿದ್ದು "ಮೊದಲು ನೀರು ತಿರುಗಿಸಿ" ಅಂದವರ ಮಾತು. ಮೇಲ್ಬದಿಯ ಚರಂಡಿ ಬಿಡಿಸಿದಾಗ ನೋಡಿದರೆ, ಮೋರಿ ಪೈಪಿನ ಜಾಯಿಂಟ್ ಬಿಟ್ಟುಕೊಂಡು ನೀರೆಲ್ಲಾ ರಸ್ತೆಯ ಅಡಿಗೇ ಇಳಿಯುತ್ತಿತ್ತು! ಸದ್ಯಕ್ಕೆ ಮಣ್ಣಿನ ಚೀಲ ಅಡ್ಡ ಇಟ್ಟು ನೀರನ್ನು ಮುಂದಿನ ಮೋರಿಗೆ ಬಿಟ್ಟಿದ್ದೇವೆ. ಬಿರುಕಿಗೆ ಜೇಡಿಮಣ್ಣು ತುರುಕಿ ಮೇಲೆ ಟಾರ್ಪಾಲು ಹಾಸಿದೆವು. ತಗ್ಗಿಗೆ ಜಲ್ಲಿ, ಜಲ್ಲಿಪುಡಿ ತುಂಬಿ ದಮ್ಮಸ್ಸು ಮಾಡಿಸಿದೆವು, ಮತ್ತೆ ಇಳಿದರೆ ಇನ್ನೆರಡು ಬುಟ್ಟಿ ಸುರಿದರಾಯ್ತು.

ಕಾಂಕ್ರೀಟ್ ಸಲಹೆ ಮಾತ್ರ ನಡೆಯಲಿಲ್ಲ. ಅಂಚಿನಲ್ಲಿ ಸ್ವಲ್ಪ ಹಾಕಿ ನೋಡಿದರೆ, ಅಡಿಯ ಮಣ್ಣು ಜಾರಿ ಬರೀ ಚಪ್ಪಡಿ ಗಾಳಿಯಲ್ಲಿ ನಿಂತಿತ್ತು, ಮೇಲಿಂದ ಏನೂ ಗೊತ್ತಾಗುವುದಿಲ್ಲ, ಅದೇ ಜಾಸ್ತಿ ಅಪಾಯ ಅಲ್ವಾ. ಕೆಳಬದಿಗೆ ಮಣ್ಣು ಸುರಿದು ಅಗಲ ಮಾಡಿ ಅಂದಿದ್ದರು, ಅದಕ್ಕೆ ಕೈ ಹಾಕಲಿಲ್ಲ. ಭಾರ ಜಾಸ್ತಿಯಾದರೆ ಅಂಚೇ ಜಾರುತ್ತದೆ. 2019ರ ಮಳೆಗೆ ಚಾರ್ಮಾಡಿ ಘಾಟಿಯೇ ಕುಸಿದು ಬಂದ್ ಆಗಿದ್ದು ನೆನಪಿದೆಯಲ್ಲ, ಸುಮ್ನೆ ರಿಸ್ಕ್ ಯಾಕೆ.

ಗೊಬ್ಬರದ ಲಾರಿಯನ್ನು ಸದ್ಯ ತಿರುವಿಗೆ ಬಿಡುತ್ತಿಲ್ಲ. ಪೈಪ್ ಬದಲಾಯಿಸುವುದು, ತಂತಿಬಲೆಯ ಕಲ್ಲುಗೋಡೆ ಎರಡೂ ಬೇಸಿಗೆಗೆ.