ಜಪಾನ್ ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ: ಯೂನಿಯನ್ ಕೈಹಿಡಿಯುತ್ತಾ?

ಪ್ರಶ್ನೆ (ವಿರಾಜಪೇಟೆ): ತಮ್ಮನಿಗೆ ನಾಗೋಯಾದಲ್ಲಿ ವರ್ಷವರ್ಷದ ಕಾಂಟ್ರ್ಯಾಕ್ಟ್, ಇದು ಐದನೆಯದು. ಈಗ ರಾಜೀನಾಮೆ ಬರೆದುಕೊಡು ಅಂತಿದ್ದಾರಂತೆ. ಕಂಪನಿ ಯೂನಿಯನ್‌ನಲ್ಲಿ ಪರ್ಮನೆಂಟ್ ನೌಕರರು ಮಾತ್ರ. ಏನು ಮಾಡೋದು?

ಉತ್ತರ (ಮಡಿಕೇರಿ): ಮೊದಲು, ಸಹಿ ಹಾಕಲೇಬಾರದು. ಸಹಿ ಹಾಕಿದರೆ ತಾನಾಗಿಯೇ ಬಿಟ್ಟ ಲೆಕ್ಕ, ಆಮೇಲೆ ವಾದಿಸೋದು ಬಹಳ ಕಷ್ಟ. ಕಾರ್ಮಿಕ ಕರಾರು ಕಾಯ್ದೆಯ 17ನೇ ಕಲಂ ಪ್ರಕಾರ ಅವಧಿಯ ನಡುವೆ ತೆಗೆಯಲು ಅನಿವಾರ್ಯ ಕಾರಣವೇ ಬೇಕು. ಒಟ್ಟು 5 ವರ್ಷ ದಾಟಿದರೆ, ಅಂದರೆ ಆರನೇ ಕಾಂಟ್ರ್ಯಾಕ್ಟ್ ಶುರುವಾದರೆ, ಅವಧಿಯ ಮಿತಿಯಿಲ್ಲದ ಕೆಲಸ ಕೇಳುವ ಹಕ್ಕು ಬರುತ್ತೆ (18ನೇ ಕಲಂ). ಎಷ್ಟೋ ಕಡೆ ಐದನೇ ವರ್ಷಕ್ಕೇ ಕೈಬಿಡೋದು ಇದಕ್ಕೇ. ಅವಧಿ ಮುಗಿಯುವ ಮೊದಲೇ ನವೀಕರಣ ಬೇಕೆಂದು ಇಮೇಲ್‌ನಲ್ಲಿ ಕೇಳಲಿ. ಸಕಾರಣವಿಲ್ಲದೆ ನವೀಕರಣ ನಿರಾಕರಿಸದಂತೆ ತಡೆಯುವ 19ನೇ ಕಲಂಗೆ ಆ ಕೋರಿಕೆ ಇರಲೇಬೇಕು, ಬಾಯಿಮಾತಿಗೆ ಪುರಾವೆ ಎಲ್ಲಿ?

ಉತ್ತರ (ಸೋಮವಾರಪೇಟೆ): ಅಲ್ಲಿ ಹೆಚ್ಚಾಗಿ ಕಂಪನಿಗೊಂದು ಯೂನಿಯನ್, ನಮ್ಮ ತೋಟ ಕಾರ್ಮಿಕರ ಸಂಘಗಳ ಹಾಗೆ ಹಲವು ತೋಟ ಸೇರಿದ್ದಲ್ಲ. ಆದರೆ ‘ಗೋದೋ ರೋಸೋ’ ಎಂಬ ಬಗೆಯ ಹೊರಗಿನ ಯೂನಿಯನ್‌ಗೆ ಒಬ್ಬರೇ ಸೇರಬಹುದು, ವಿದೇಶಿಯರೂ ಸಹ. ಕಂಪನಿಯಲ್ಲಿ ಒಬ್ಬನೇ ಸದಸ್ಯನಿದ್ದರೂ ಆ ಯೂನಿಯನ್ ಮಾತುಕತೆಗೆ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ತಡಮಾಡದೆ ಈಗಲೇ ಸೇರಿಸಿ.

ಉತ್ತರ (ಕುಶಾಲನಗರ): ಎಂಜಿನಿಯರ್ ವೀಸಾ ಆಗಿದ್ದರೆ, ಕೆಲಸ ಹೋದ 14 ದಿನದೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು.