ಬೆಳಗಾವಿ ಸಾಂಬ್ರಾ ಏರ್‌ಪೋರ್ಟ್: ಅಮ್ಮನ ಜೊತೆ ಹೋಗ್ತಿದೀನಿ, ಭಾನುವಾರ ಸಂಜೆವರೆಗೆ ಟೈಮ್ ಇದೆ, ಏನ್ ನೋಡಬಹುದು?

ಫಿಲ್ಟರ್‌ಕಾಫಿ_ಜಯನಗರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಬೆಳಗಾವೀಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ. ಶುಕ್ರವಾರ ಫ್ಲೈಟಲ್ಲಿ ಹೋಗಿ, ಶನಿವಾರ ಮದುವೆ ಮುಗಿಸ್ಕೊಂಡು, ಭಾನುವಾರ ಸಂಜೆ ಫ್ಲೈಟಿಗೆ ವಾಪಸ್ ಬರೋ ಪ್ಲಾನು. ಜೊತೆಗೆ ಅಮ್ಮ ಇರ್ತಾರೆ, ಅರವತ್ತೆಂಟು ವಯಸ್ಸು, ಮಂಡಿ ನೋವು, ಸಮತಟ್ಟು ಜಾಗದಲ್ಲಿ ಪರವಾಗಿಲ್ಲ ಮೆಟ್ಟಿಲು ಅಂದ್ರೆ ಕಷ್ಟ. ಬುಕ್ ಮಾಡಿರೋದು ಆ ಫ್ಯಾನ್ ಇರೋ ಚಿಕ್ಕ ವಿಮಾನ, ಅದನ್ನ ನೋಡಿನೇ ಅಮ್ಮ "ಇದು ಹಾರುತ್ತೇನೇ?" ಅಂತಿದಾರೆ.

ಏರ್‌ಪೋರ್ಟ್ ಹೇಗಿದೆ, ಅಲ್ಲಿಂದ ಊರಿಗೆ ಹೋಗೋದು ಹೇಗೆ, ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಎಲ್ಲಿ ಸುತ್ತಬಹುದು ಹೇಳಿ ಪ್ಲೀಸ್. ಗೂಗಲ್ ಮಾಡಿದ್ರೆ ಎಲ್ಲಾ ಕಡೆ ಅದೇ ಹತ್ತು ಜಾಗದ ಲಿಸ್ಟು, ಅದರಲ್ಲಿ ಅರ್ಧ ಗೋವಾ ಹತ್ರ ಇರೋವು.

ಟಿಳಕವಾಡಿ_ಮಂದಿ

ಅಕ್ಕಾರ ನಮಸ್ಕಾರ್ರಿ. ಮೊದಲ ಏರ್‌ಪೋರ್ಟ್ ಮಾತು ಮುಗಿಸೂಣು. ಸಾಂಬ್ರಾ ಅಂತ ಊರು, ಬಾಗಲಕೋಟಿ ರೋಡಿಗೆ, ಸಿಟಿಯಿಂದ ಹತ್ತು ಕಿಲೋಮೀಟರ್ ಆಜೂಬಾಜೂ. ಸಣ್ಣದೈತಿ, ಸಣ್ಣದಿರೂದ ಚಲೋ, ಬೆಂಗಳೂರಾಗ ಗೇಟ್ ತನಕ ನಡಿಯೂದ್ರಾಗ ಕಾಲು ಹೋಗ್ತಾವಲ್ರಿ, ಇಲ್ಲಿ ಆ ತ್ರಾಸ್ ಇಲ್ಲ. 2017ರಾಗ ಕಟ್ಟಿದ ಟರ್ಮಿನಲ್ ಅದು, ಇನ್ನೊಂದು ದೊಡ್ಡದಕ್ಕ 2024ರ ಮಾರ್ಚ್‌ದಾಗ ಅಡಿಗಲ್ಲು ಹಾಕ್ಯಾರ. ಜಾಗ ಮಾತ್ರ ಹಳೇದು, 1942ರಾಗ ಬ್ರಿಟಿಷರ ಏರ್‌ಫೋರ್ಸ್ ಟ್ರೇನಿಂಗಿಗೆ ಅಂತ ಮಾಡಿದ್ದು, ಇವತ್ತಿಗೂ ಏರ್‌ಮೆನ್ ಟ್ರೇನಿಂಗ್ ಸ್ಕೂಲ್ ಬಾಜೂಕ ಐತಿ. ಅದಕ್ಕ ಇಳದ ಕೂಡ್ಲೆ ಮೊಬೈಲ್ ತಗದು ಸುತ್ತ ಫೋಟೋ ಹೊಡಿಯಾಕ ನಿಂದ್ರಬ್ಯಾಡ್ರಿ, ಬೈಸ್ಕೋತೀರಿ.

ಗಾಡಿ ಮೊದಲ ಹೇಳಿ ಇಟ್ಕೋರಿ. ಮದುವಿ ಮನಿಯವರ ಕಡೆ ಹೇಳಿದ್ರ ಯಾರರ ಬಂದ ಬರ್ತಾರ. ಆ್ಯಪ್ ನಂಬ್ಕೊಂಡು ಹೊರಗ ಕುಂತ್ರ ಒಮ್ಮೊಮ್ಮೆ ಬರ್ತೈತಿ ಒಮ್ಮೊಮ್ಮೆ ಬರಂಗಿಲ್ಲ. ಮೇನ್ ರೋಡಿಗೆ ಬಂದ್ರ ಸಾಂಬ್ರಾ ಬಸ್ ಸಿಗ್ತಾವ, ಆದ್ರ ವಯಸ್ಸಾದವರನ್ನ ಬ್ಯಾಗ್ ಜೋಡಿ ಬಸ್ ಹತ್ತಸೂದು ಬ್ಯಾಡ.

ಇನ್ನೊಂದು ಮುಖ್ಯ ಮಾತು. ಡಿಸೆಂಬರ್ ಅಂದ್ರ ಸುವರ್ಣಸೌಧದಾಗ ಚಳಿಗಾಲದ ಅಧಿವೇಶನ ಇರ್ತೈತಿ. ಎಂಎಲ್‌ಎ, ಆಫೀಸರ್, ಪೊಲೀಸ್, ಪ್ರೆಸ್‌ನವರು, ಧರಣಿ ಮಾಡಾಕ ಬಂದವರು, ಎಲ್ಲಾರೂ ಊರ ತುಂಬ. ಆ ಎರಡು ವಾರ ಲಾಡ್ಜ್‌ದಾಗ ರೂಮ್ ಸಿಗೂದು ಅಂದ್ರ ಲಾಟರಿ ಹೊಡದಂಗ. ಫ್ಲೈಟ್ ಕಥಿ ಬ್ಯಾರೆ, ಅವರು ಶುಕ್ರವಾರ ಬೆಂಗಳೂರಿಗೆ ಓಡ್ತಾರ, ವಾರದ ಸುರುವಿಗೆ ಹೊಳ್ಳಿ ಬರ್ತಾರ, ನೀವು ಅವರಿಗೆ ಉಲ್ಟಾ ಹೊಂಟೀರಿ, ಹಿಂಗಾಗಿ ಟಿಕೆಟ್ ಅಷ್ಟು ತುಟ್ಟಿ ಆಗಲಿಕ್ಕಿಲ್ಲ. ರೂಮ್ ಮಾತ್ರ ಇವತ್ತ ಬುಕ್ ಮಾಡ್ರಿ.

ನೋಡೂದರ ಬಗ್ಗೆ ಊಟ ಮಾಡಿ ಬಂದು ಬರೀತೀನಿ.

ಕಿಟಕಿಸೀಟು

ಫ್ಯಾನ್ ಇರೋ ವಿಮಾನ ಅಂದ್ರೆ ಎಟಿಆರ್. ಅಮ್ಮಂಗೆ ಹೇಳಿ, ಸಣ್ಣ ಊರುಗಳಿಗೆ ಇದೇ ಸರಿಯಾದ ವಿಮಾನ, ಚಿಕ್ಕ ರನ್‌ವೇನಲ್ಲೂ ಆರಾಮಾಗಿ ಇಳಿಯುತ್ತೆ, ಡೀಸೆಲ್ ಕಮ್ಮಿ ಕುಡಿಯೋ ಗಾಡಿ ಥರ ಖರ್ಚೂ ಕಮ್ಮಿ, ಅದಕ್ಕೇ ಇಂಥ ರೂಟಲ್ಲಿ ಹಾಕ್ತಾರೆ. ಸದ್ದು ಸ್ವಲ್ಪ ಜಾಸ್ತಿ, ಕಿವಿಗೆ ಹತ್ತಿ ಇಟ್ಕೊಳ್ಳಲಿ. ಹತ್ತೋ ಬಾಗಿಲು ಹಿಂದುಗಡೆ ಇರುತ್ತೆ, ಮುಂದೆ ಲಗೇಜ್ ತುಂಬ್ತಾರೆ, ಹಾಗಾಗಿ ಹಿಂದಿನ ಸಾಲು ತಗೊಂಡ್ರೆ ಒಳಗೆ ನಡೆಯೋದೂ ಕಮ್ಮಿ, ಇಳಿಯೋದೂ ಮೊದಲು. ರೆಕ್ಕೆ ಕಿಟಕಿಗಿಂತ ಮೇಲಿರೋದ್ರಿಂದ ಕೆಳಗಡೆ ಹೊಲ ಕೆರೆ ಎಲ್ಲಾ ಚೆನ್ನಾಗಿ ಕಾಣುತ್ತೆ. ವಾಪಸ್ ಬರೋವಾಗ ಬಲಗಡೆ ಕಿಟಕಿ ತಗೊಳ್ಳಿ, ಸಂಜೆ ಸೂರ್ಯ ಆ ಕಡೆಗೇ.

ಮಂಡಿ ನೋವು ಅಂದ್ರಲ್ಲ, ಈಗಲೇ ಏರ್‌ಲೈನ್‌ಗೆ ಫೋನ್ ಮಾಡಿ ವೀಲ್‌ಚೇರ್ ಹಾಕಿಸಿ, ವಿಮಾನಕ್ಕೆ ರ‍್ಯಾಂಪ್ ಹಾಕ್ತೀರಾ ಅಂತನೂ ಕೇಳಿ. ನಾಚಿಕೆ ಪಟ್ಕೊಂಡು "ಬೇಡ ಬಿಡು ನಡೀತೀನಿ" ಅಂತಾರೆ ಹಿರಿಯರು, ಕೇಳಬೇಡಿ. ಬೆಳಗಾವಿಗಿಂತ ದೇವನಹಳ್ಳೀಲೇ ಅದು ಜಾಸ್ತಿ ಬೇಕಾಗೋದು.

ರೈಲೇಬೆಸ್ಟು

ಮಧ್ಯ ಬಾಯಿ ಹಾಕ್ತೀನಿ ಬೇಜಾರಾಗಬೇಡಿ. ಜಯನಗರದಿಂದ ದೇವನಹಳ್ಳಿಗೆ ಟ್ರಾಫಿಕ್ಕಲ್ಲಿ ಎರಡು ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಹೋಗಿ ಕೂರೋದು, ಹಾರೋದು ಒಂದೂಕಾಲು ಗಂಟೆ, ಇಳಿದು ಊರಿಗೆ ಹೋಗೋಕೆ ಇನ್ನರ್ಧ ಗಂಟೆ. ಮೆಜೆಸ್ಟಿಕ್ಕಲ್ಲಿ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದ್ರೆ ಬೆಳಗ್ಗೆ ಬೆಳಗಾವಿ. 2025ರ ಆಗಸ್ಟ್‌ನಿಂದ ವಂದೇ ಭಾರತ್ ಬೇರೆ ಇದೆ, ಎಂಟೂವರೆ ಗಂಟೆ ಹತ್ತಿರ.

ಫಿಲ್ಟರ್‌ಕಾಫಿ_ಜಯನಗರ

ನಿಜ ಸರ್, ಆದ್ರೆ ವಂದೇ ಭಾರತ್ ಬೆಂಗಳೂರು ಬಿಡೋದು ಮಧ್ಯಾಹ್ನ, ಅಲ್ಲಿ ತಲುಪೋದು ರಾತ್ರಿ ತಡವಾಗಿ, ಅಷ್ಟು ಹೊತ್ತು ಕೂತ್ರೆ ಅಮ್ಮನ ಮಂಡಿ ಹಿಡ್ಕೊಳ್ಳುತ್ತೆ. ರಾತ್ರಿ ಟ್ರೈನಲ್ಲಿ ಲೋಯರ್ ಬರ್ತ್ ಸಿಗದೇ ಇದ್ರೆ ಇನ್ನೂ ಕಷ್ಟ. ಜೊತೆಗೆ ಅಮ್ಮಂಗೆ ಒಂದ್ಸಲ ವಿಮಾನ ಹತ್ತಬೇಕು ಅಂತ ಆಸೆ, ಭಯ ಅಂತಾರೆ ಅಷ್ಟೇ 😄

ಘಟಪ್ರಭಾ_ಹುಡ್ಗ

ಬೆಳಗಾವಿಗೆ ಬಂದು ಗೋಕಾಕ ಫಾಲ್ಸ್ ನೋಡಲಾರ್ದ ಹೋಗ್ತೀರೇನ್ರಿ?? ಮುಂಜಾನೆ ಬಿಟ್ರ ಒಂದೂವರಿ ತಾಸು. ತೂಗುಸೇತುವೆ, ಹಳೇ ಮಿಲ್ಲು, ಗುಡಿ ಎಲ್ಲಾ ಅಲ್ಲೇ. ಬರೂ ಮುಂದ ಕರದಂಟು ತಗೊಂಡ ಬರ್ರಿ.

ಟಿಳಕವಾಡಿ_ಮಂದಿ

ತಮ್ಮಾ, ಡಿಸೆಂಬರ್‌ದಾಗ ಗೋಕಾಕದಾಗ ನೀರೆಲ್ಲಿ ಇರ್ತೈತೋ? ಜುಲೈ ಆಗಸ್ಟ್‌ದಾಗ ಘಟಪ್ರಭಾ ಕೆಂಪಗಾಗಿ 52 ಮೀಟರ್ ಮ್ಯಾಲಿಂದ ಧುಮುಕೂದು ನೋಡಿದವಗ ಡಿಸೆಂಬರ್‌ದಾಗ ಬರೇ ಬಂಡೆಗಲ್ಲು ತೋರಿಸಿದ್ರ ಏನ್ ಅಂತಾನ? ಅದೂ ಸಂಜಿ ಫ್ಲೈಟ್ ಇಟ್ಕೊಂಡು ಮೂರು ತಾಸು ರೋಡ್ ಮ್ಯಾಲ. ಅಕ್ಕಾರ, ಈ ಸಲ ಬ್ಯಾಡ, ಮಳಿಗಾಲದಾಗ ಬ್ಯಾರೆ ಬರ್ರಿ. ಆವಾಗ ಮೋಡಕ್ಕ ವಿಮಾನ ಲೇಟ್ ಆಗೂದು ಇರ್ತೈತಿ, ಹುಬ್ಬಳ್ಳಿ ಏರ್‌ಪೋರ್ಟ್ ನೂರು ಕಿಲೋಮೀಟರ್ ಒಳಗ ಐತಿ ಅನ್ನೂದು ನೆನಪಿಟ್ಕೋರಿ.

ಸಿಟಿಯಾಗ ಇದ್ದದ್ದನ್ನ ಸಮಾಧಾನಾಗಿ ನೋಡ್ರಿ. ಮೊದಲ ಕೋಟಿ, ಅಂದ್ರ ಬೆಳಗಾವಿ ಕೋಟೆ. ಸೆಂಟ್ರಲ್ ಬಸ್‌ಸ್ಟ್ಯಾಂಡ್ ಹಂತೇಕ, ಖಂದಕದಾಗ ಇನ್ನೂ ನೀರು ಐತಿ, ಗಾಡಿ ಸೀದಾ ಒಳಗ ಹೋಗ್ತೈತಿ, ಹತ್ತೂ ಕೆಲಸ ಇಲ್ಲ. ಒಳಗ ಕಮಲ ಬಸ್ತಿ ಐತಿ, ಅದಕ್ಕರ ಬರಬೇಕ್ರಿ ಬೆಳಗಾವಿಗೆ. ರಟ್ಟ ಅರಸ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಾಗ ಕಟ್ಟಿಸಿದ್ದು, ಒಳಗ ನೇಮಿನಾಥ ತೀರ್ಥಂಕರ. ಚಪ್ಪಲಿ ಬಿಟ್ಟು ಒಳಗ ಕಾಲಿಟ್ರ ಕಲ್ಲು ತಣ್ಣಗ ಹತ್ತೈತಿ, ಕಂಬ ಚಾಕಿ ಮ್ಯಾಲ ತಿರುವಿದಂಗ ದುಂಡಗ, ನುಣುಪಂದ್ರ ನುಣುಪು. ನಡಕ ನಿಂತು ಮ್ಯಾಲ ನೋಡ್ರಿ, ಛತ್ತಿನಿಂದ ಕಲ್ಲಿನ ಕಮಲ ತೆಳಗ ಇಳಿಬಿದ್ದೈತಿ, ಎಪ್ಪತ್ತೆರಡು ಎಸಳು. ಹಿಂದಿನ, ಇಂದಿನ, ಮುಂದಿನ ಕಾಲದ ಇಪ್ಪತ್ನಾಕು ಇಪ್ಪತ್ನಾಕು ತೀರ್ಥಂಕರರು, ಲೆಕ್ಕ ಬರೋಬರಿ. ಮಂದಿ ಬಾಗಲದಾಗ ನಿಂತು ಸೆಲ್ಫಿ ಹೊಡ್ಕೊಂಡು ಹೊಕ್ಕಾರ, ಕತ್ತು ಎತ್ತಂಗಿಲ್ಲ. ಅದ ಕೋಟಿಯಾಗ ಮಸೂತಿನೂ ಐತಿ, ರಾಮಕೃಷ್ಣ ಆಶ್ರಮನೂ ಐತಿ, 1892ರಾಗ ವಿವೇಕಾನಂದರು ಬೆಳಗಾವಿಗೆ ಬಂದಿದ್ರು. ಆಶ್ರಮದಾಗ ಅಮ್ಮಾರು ಸ್ವಲ್ಪ ಕುಂದ್ರಬಹುದು.

ಆಮ್ಯಾಲ ನಮ್ಮ ಟಿಳಕವಾಡಿ. 1924ರ ಕಾಂಗ್ರೆಸ್ ಅಧಿವೇಶನ ನಡದ ಜಾಗ, ಗಾಂಧೀಜಿ ಅಧ್ಯಕ್ಷರಾಗಿದ್ದು ಅದೊಂದ ಅಧಿವೇಶನಕ್ಕ. ಗಂಗಾಧರರಾವ್ ದೇಶಪಾಂಡೆಯವರು ಓಡಾಡಿ ಮಾಡಿದ್ದು. ಬಂದ ಮಂದಿಗೆ ನೀರಿಗಂತ ಬಾವಿ ತೋಡಿಸಿ ಪಂಪಾ ಸರೋವರ ಅಂತ ಹೆಸರಿಟ್ಟಿದ್ರು, ನಾವು ಕಾಂಗ್ರೆಸ್ ಬಾವಿ ಅಂತೀವಿ. ಆ ಅಧಿವೇಶನದ ನೆನಪಿಗೆ ಕಟ್ಟಿದ ವೀರಸೌಧ ಬಾಜೂಕ. ಸಪಾಟ ಜಾಗ, ಅರ್ಧ ತಾಸು ಸಾಕು. ಕ್ಯಾಂಪ್ ಕಡೆ ಹೋಗಿ ಮಿಲಿಟರಿ ಮಹಾದೇವ ಗುಡಿ, ಮಿಲಿಟರಿಯವರ ಕಡೆ ಇದ್ದದ್ದಕ್ಕ ಒಂದು ಎಲಿ ಬಿದ್ದಿರಂಗಿಲ್ಲ. ಮಿಕ್ಕ ಟೈಮ್ ಇದ್ರ ಕಪಿಲೇಶ್ವರ ಗುಡಿ. ಸುವರ್ಣಸೌಧ ಹೈವೇ ಮ್ಯಾಲ ಹೊಂಟಾಗ ಕಾಣ್ತೈತಿ, ಅಧಿವೇಶನದಾಗ ಹಂತೇಕ ಬಿಡಂಗಿಲ್ಲ, ದೂರಿಂದ ನೋಡಿದ್ರ ಸಾಕು.

ಫಿಲ್ಟರ್‌ಕಾಫಿ_ಜಯನಗರ

ತುಂಬಾ ಥ್ಯಾಂಕ್ಸ್, ಇದನ್ನೆಲ್ಲಾ ಅಮ್ಮಂಗೆ ಓದಿ ಹೇಳ್ದೆ, ಕಮಲ ಬಸ್ತಿ ಕೇಳಿ ಖುಷಿಯಾದ್ರು. ರೂಮ್ ಈಗ್ಲೇ ಬುಕ್ ಮಾಡ್ತಿದೀನಿ. ಕೊನೇ ಪ್ರಶ್ನೆ, ಕುಂದಾ ಎಲ್ಲಿ ತಗೊಳ್ಳೋದು, ಹ್ಯಾಂಡ್ ಬ್ಯಾಗಲ್ಲಿ ತರಬಹುದಾ? ಆಫೀಸಲ್ಲಿ ಎಲ್ಲರೂ ಕೇಳಿದಾರೆ.

ಕಿಟಕಿಸೀಟು

ಕುಂದಾ ಕೈಲೇ ತಂದಿದೀನಿ, ಯಾರೂ ಏನೂ ಅಂದಿಲ್ಲ. ಡಬ್ಬಿ ಟೈಟಾಗಿರಲಿ. ಎಟಿಆರ್‌ನಲ್ಲಿ ಮೇಲಿನ ಗೂಡು ಚಿಕ್ಕದು, ದೊಡ್ಡ ಟ್ರಾಲಿ ಹಿಡಿಸಲ್ಲ, ಸ್ವೀಟಿಗೆ ಬೇರೆ ಸಣ್ಣ ಚೀಲ ಮಾಡ್ಕೊಳ್ಳಿ.

ಟಿಳಕವಾಡಿ_ಮಂದಿ

ಏರ್‌ಪೋರ್ಟ್‌ದಾಗ ತಗೊಳ್ಳೂನು ಅಂತ ಬಿಡಬ್ಯಾಡ್ರಿ, ಭಾನುವಾರ ಮಧ್ಯಾಹ್ನ ಸಿಟಿಯಾಗ ತಗೋರಿ. ಹಾಲು ಕಾಸಿ ಕಾಸಿ ಕಂದು ಬಣ್ಣ ಬಂದು ಕಾಳು ಕಾಳು ಆಗಿರ್ತೈತಿ, ಹಂಗ ಇದ್ದದ್ದ ಖರೆ ಕುಂದಾ, ಮೊದಲ ಒಂದ್ ಚೂರು ಬಾಯಾಗ ಹಾಕ್ಕೊಂಡು ನೋಡಿ ತೂಗಿಸ್ರಿ. ಹಾಲಿಂದು, ಭಾಳ ದಿನ ಇಡಬ್ಯಾಡ್ರಿ, ಸೋಮವಾರನ ಆಫೀಸ್‌ದಾಗ ಹಂಚ್ರಿ.

ಮತ್ತ ನಮ್ಮ ಕಡೆ ಮದುವಿ ಅಂದ್ರ ಮಂಡಿಗಿ ಅನ್ನೂ ಸಿಹಿ ತಿನಿಸು ಇರಬಹುದು, ಗಡಿಗಿ ಡಬ್ಬ ಹಾಕಿ ಅದರ ಮ್ಯಾಲ ಬೇಯಿಸೂದು, ಅಡಿಗಿಯವರು ಮಾಡಾಕತ್ತಿದ್ರ ಅಮ್ಮಾರನ್ನ ಕರ್ಕೊಂಡು ಹೋಗಿ ತೋರಿಸ್ರಿ. ಮನಸ್ಸಿನ್ಯಾಗ ಮಂಡಿಗಿ ತಿನ್ನೂದು ಬಿಟ್ಟು ಒಮ್ಮೆ ಖರೇನ ತಿನ್ನಲಿ.

ಮದುವಿ ಕಾರ್ಯಾಲಯ ಯಾವ ಕಡೆ ಬರ್ತೈತಿ ಹೇಳ್ರಿ, ಹಿಂದವಾಡಿ ಕಡೇನೋ ಕ್ಯಾಂಪ್ ಕಡೇನೋ? ನಮ್ಮ ಓಣಿಯಾಗ ಒಬ್ಬ ಗಾಡಿಯವ ಅದಾನ, ಇಡೀ ದಿನಕ್ಕ ಮಾತಾಡಿ ಕೊಡ್ತೀನಿ, ಸಂಜಿಗೆ ಸಾಂಬ್ರಾಕ್ಕೂ ಅವನ ಬಿಟ್ಟು ಬರ್ತಾನ.